ಸ್ಫಾಕ್ಸಿನ ಹಲ್ಲುಗಳಿಗೆ ತಂತಿ ಬಗ್ಗಿಸುವ ದಲೆಂದಾ

ಅಕ್ರೋಟು ಮರದ ತೊಗಟೆಯನ್ನು ನೀರಲ್ಲಿ ನೆನೆಸಿದರೆ ಒಂದು ಒಗರು ವಾಸನೆ ಏಳುತ್ತದೆ. ಎಲ್ಲಿಂದಲಾದರೂ ಆ ವಾಸನೆ ತೇಲಿ ಬಂತೆಂದರೆ, ಅರವತ್ತರ ಹತ್ತಿರ ಬಂದಿರುವ ದಲೆಂದಾ ತ್ರೀಕಿ ಅವರಿಗೆ ಅದು ಬಾಲ್ಯದ ಶುಕ್ರವಾರದ ಬೆಳಗು. ಅಜ್ಜಿ ಅಂಗಳದ ಬಾವಿಕಟ್ಟೆಯ ಮೇಲೆ ಕುಳಿತು ತೊಗಟೆಯ ಚೂರಿನಿಂದ ಹಲ್ಲು ತಿಕ್ಕುತ್ತಿದ್ದರು. ತುಟಿ, ವಸಡು ಎಲ್ಲ ದಾಳಿಂಬೆಯ ಬಣ್ಣಕ್ಕೆ ತಿರುಗಿದ ಮೇಲೆ ಮೊಮ್ಮಗಳನ್ನು ಕರೆದು, ಗಲ್ಲ ಹಿಡಿದು, ಬಾಯಿ ತೆರೆಸುತ್ತಿದ್ದರು. ಒಂದರ ಮೇಲೊಂದು ಹತ್ತಿ ಕುಳಿತ ಆ ಮುಂದಿನ ಹಲ್ಲುಗಳನ್ನು ನೋಡಿ ಬೀದಿಯೆಲ್ಲ ನಕ್ಕರೂ ಅಜ್ಜಿ ಮಾತ್ರ ಒಮ್ಮೆಯೂ ನಕ್ಕವರಲ್ಲ. "ದೇವರು ಹಲ್ಲನ್ನ ಎರಡು ಸಲ ಕೊಡ್ತಾನೆ ಕಣೇ. ಮೂರನೇ ಸಲ ಕೈಯೊಡ್ಡಿದ್ರೆ ಬೈದು ಕಳಿಸ್ತಾನೆ. ಇರೋದನ್ನ ಜೋಪಾನ ಮಾಡ್ಕೋ," ಎನ್ನುತ್ತಿದ್ದರು.

ಈಗ ಅವರ ಬೆಳಗು ಬೇರೆ ವಾಸನೆಯಿಂದ ಶುರುವಾಗುತ್ತದೆ. ಕಡಲೂರು ಸ್ಫಾಕ್ಸಿನ ಹಳೆಪೇಟೆಯ ಗೋಡೆಯೊಳಗೆ, ಕಮ್ಮಾರರ ಬೀದಿಯಲ್ಲಿ, ಮೊದಲ ಸುತ್ತಿಗೆಯ ಸದ್ದು ಏಳುವುದಕ್ಕೂ ಮುಂಚೆ ಒಂದು ನೀಲಿ ಬಾಗಿಲು ತೆರೆದುಕೊಳ್ಳುತ್ತದೆ. ಒಳಗೆ ಒದ್ದೆ ಪ್ಲಾಸ್ಟರಿನ ತಣ್ಣನೆಯ ವಾಸನೆ, ಕರಗಿದ ಮೇಣದ ವಾಸನೆ, ಮೂಗನ್ನು ಚುಚ್ಚುವ ಅಕ್ರಿಲಿಕ್ ದ್ರವದ ವಾಸನೆ. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಬಿಳಿಯ ಬಾಯಿಗಳು ಸಾಲಾಗಿ ಕುಳಿತಿವೆ. ಊರಿನ ದಂತವೈದ್ಯರು ರೋಗಿಗಳ ಬಾಯಿಯ ಅಳತೆ ತೆಗೆದು ಕಳಿಸಿದ ಪ್ಲಾಸ್ಟರ್ ಅಚ್ಚುಗಳು ಅವು. ದಲೆಂದಾ ಒಂದನ್ನು ಎತ್ತಿಕೊಂಡು, ಇಕ್ಕಳದಲ್ಲಿ ಸಣ್ಣ ಉಕ್ಕಿನ ತಂತಿಯನ್ನು ಹಿಡಿದು, ಮುಂದಿನ ಹಲ್ಲುಗಳ ಮೇಲೆ ಆನಿಸಿ ನೋಡುತ್ತಾರೆ. ಬಗ್ಗಿಸುತ್ತಾರೆ, ನೋಡುತ್ತಾರೆ, ಮತ್ತೆ ಕೂದಲೆಳೆಯಷ್ಟು ಬಗ್ಗಿಸುತ್ತಾರೆ. ತಂತಿ ಆರೂ ಹಲ್ಲುಗಳನ್ನು ಮುಟ್ಟಬೇಕು, ಒಂದನ್ನೂ ಒತ್ತಬಾರದು.

ಹಲ್ಲಿಗೆ ಕ್ಲಿಪ್ಪು ಹಾಕಿಸಿಕೊಂಡವರ ಕತೆ ಕ್ಲಿಪ್ಪು ಬಿಚ್ಚಿದ ದಿನ ಮುಗಿಯುವುದಿಲ್ಲ. ಎರಡು ವರ್ಷ ಎಳೆದು ನೆಟ್ಟಗೆ ನಿಲ್ಲಿಸಿದ ಹಲ್ಲಿಗೆ ತನ್ನ ಹಳೆಯ ಜಾಗದ ನೆನಪು ಹೋಗಿರುವುದಿಲ್ಲ. ಅದು ತವರಿಗೆ ಓಡಿಹೋಗದಂತೆ ಹಿಡಿದಿಡುವುದು ಒಂದು ಪ್ಲೇಟು. ಅಂಗುಳಿಗೆ ಅಂಟಿ ಕೂರುವ ತೆಳುವಾದ ಅಕ್ರಿಲಿಕ್, ಹಲ್ಲುಗಳ ಮುಂದೆ ಹಾಯುವ ಒಂದು ತಂತಿ. ಕ್ಲಿಪ್ಪು ಹಾಕಿದ ಡಾಕ್ಟರ ಹೆಸರು ಊರಿಗೆಲ್ಲ ಗೊತ್ತು. ಪ್ಲೇಟು ಮಾಡಿದ ಕೈ ಯಾರದೆಂದು ಅದನ್ನು ಬಾಯಲ್ಲಿಟ್ಟುಕೊಂಡು ಮಲಗುವವರಿಗೂ ಗೊತ್ತಿಲ್ಲ.

"ನಮ್ಮಪ್ಪ ಇದೇ ಅಂಗಡೀಲಿ ಗಾಳ ಮಾಡ್ತಿದ್ರು," ಎನ್ನುತ್ತಾರೆ ದಲೆಂದಾ. "ಅವರು ಮೀನಿನ ಬಾಯಿಗೆ ತಂತಿ ಬಗ್ಗಿಸಿದ್ರು, ನಾನು ಮನುಷ್ಯರ ಬಾಯಿಗೆ ಬಗ್ಗಿಸ್ತೀನಿ. ಒಂದು ಮೀನೂ ಬಂದು ಅಪ್ಪನಿಗೆ ಕೈಮುಗಿದಿಲ್ಲ. ಮನುಷ್ಯರೂ ಅಷ್ಟೇ ಅನ್ನಿ." ಹೇಳಿ ನಗುತ್ತಾರೆ. ನಗುವಾಗ ಆ ಅಡ್ಡಾದಿಡ್ಡಿ ಹಲ್ಲುಗಳೆಲ್ಲ ಹೊರಗೆ ಬರುತ್ತವೆ.

ಈ ನಗುವನ್ನು ಅವರು ಸುಮ್ಮನೆ ಪಡೆದದ್ದಲ್ಲ. ಹತ್ತೊಂಬತ್ತರ ವಯಸ್ಸಿನಲ್ಲಿ ಅವರನ್ನು ನೋಡಲು ಗಂಡಿನ ಕಡೆಯ ಹೆಂಗಸರು ಬಂದಿದ್ದರು. ಅವರಲ್ಲಿ ಹಿರಿಯಳೊಬ್ಬಳು ಚೀಲದಿಂದ ಚಿಪ್ಪಿನ ಬಾದಾಮಿ ತೆಗೆದು, "ಕಡಿ ಮಗಳೇ," ಎಂದು ಕೊಟ್ಟಳು. ಹಲ್ಲು ಗಟ್ಟಿಯಿದೆಯೇ ಎಂದು ನೋಡುವ ನೆಪ. ದಲೆಂದಾ ಕಡಿದರು, ಬಾದಾಮಿ ಒಡೆಯಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕಾಫಿ ಕುಡಿದು, ಎದ್ದು ಹೋದರು. ಆಮೇಲೆ ಎಷ್ಟೋ ವರ್ಷ ದಲೆಂದಾ ನಗುವಾಗ ಕೈ ತಾನಾಗಿ ಬಾಯಿಗೆ ಅಡ್ಡ ಬರುತ್ತಿತ್ತು. "ಒಂದು ದಿನ ಕನ್ನಡೀಲಿ ನೋಡ್ಕೊಂಡೆ. ಹಲ್ಲು ನನ್ನವು, ಗಟ್ಟಿಯಾಗಿವೆ, ಒಂದರಲ್ಲೂ ಹುಳುಕಿಲ್ಲ. ಮತ್ತೆ ಈ ಕೈ ಯಾರದು, ಆ ಮುದುಕೀದಾ ಅಂತ ಕೇಳ್ಕೊಂಡೆ. ಅವತ್ತಿಂದ ಕೈ ಕೆಳಗಿಳೀತು, ಮತ್ತೆ ಮೇಲೆ ಬಂದಿಲ್ಲ."

ದೊಡ್ಡ ಲ್ಯಾಬೊಂದರ ಹಿಂದಿನ ಕೋಣೆಯಲ್ಲಿ ಅವರು ಅರ್ಧ ಆಯುಷ್ಯ ಕಳೆದರು. ಒಮ್ಮೆ ಹೊಸ ಯಂತ್ರ ಬಂತು. ಮಾಲೀಕರು, "ನಿನ್ನ ಇಕ್ಕಳ ಇನ್ನು ಮ್ಯೂಸಿಯಮ್ಮಿಗೆ ಕೊಡು," ಎಂದರು. ದಲೆಂದಾ ಕೊಡಲಿಲ್ಲ. ಇಕ್ಕಳವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದು ಅಪ್ಪನ ಅಂಗಡಿಯ ತುಕ್ಕು ಹಿಡಿದ ಬೀಗ ತೆರೆದರು. ಅಕ್ರಿಲಿಕ್ ಗುಳ್ಳೆಯಿಲ್ಲದೆ ಗಟ್ಟಿಯಾಗಲು ಬಿಸಿನೀರು, ಗಾಳಿಯ ಒತ್ತಡ ಎರಡೂ ಬೇಕು. ಅದಕ್ಕೊಂದು ಯಂತ್ರವಿದೆ, ಅವರ ಬಳಿ ಅದಿಲ್ಲ. ಅಮ್ಮನ ಹಳೆಯ ಪ್ರೆಶರ್ ಕುಕ್ಕರಿನ ಮುಚ್ಚಳಕ್ಕೆ ಪಕ್ಕದ ಕಮ್ಮಾರನಿಂದ ಸೈಕಲ್ ಟ್ಯೂಬಿನ ವಾಲ್ವು ಬೆಸೆಸಿ, ಪಂಪು ಹೊಡೆದು ಕೆಲಸ ನಡೆಸುತ್ತಾರೆ. ಬೀದಿಯಲ್ಲಿ ಹೋಗುವವರು ಇಣುಕಿ, "ಇವತ್ತೇನು ಅಡಿಗೆ, ದಲೆಂದಾ?" ಎಂದು ಕೇಳುತ್ತಾರೆ. "ನಿಮ್ಮ ಮೊಮ್ಮಗನ ಅಂಗುಳು. ಬೆಂದಿಲ್ಲ ಇನ್ನೂ, ನಾಳೆ ಬನ್ನಿ," ಎಂದು ಉತ್ತರ ಬರುತ್ತದೆ.

ಬೆಳಕು ಹರಿಯುವಾಗ ಫರ್ಹಾತ್ ಅವರ ಕತ್ತೆಗಾಡಿ ಬಾಗಿಲ ಮುಂದೆ ನಿಲ್ಲುತ್ತದೆ. ಗಾಡಿಯ ತುಂಬ ಒಣರೊಟ್ಟಿಯ ಚೀಲಗಳು. ಈ ಊರಲ್ಲಿ ರೊಟ್ಟಿಯನ್ನು ಕಸಕ್ಕೆ ಹಾಕುವವರಿಲ್ಲ. ಉಳಿದ ತುಂಡನ್ನು ಎತ್ತಿ, ಮುತ್ತಿಟ್ಟು, ಹಣೆಗೊತ್ತಿ, ಬಾಗಿಲ ಮೊಳೆಗೆ ನೇತುಹಾಕಿದ ಚೀಲದಲ್ಲಿ ಹಾಕುತ್ತಾರೆ. ನಸುಕಿನಲ್ಲಿ ಫರ್ಹಾತ್ ಅದನ್ನು ಒಯ್ದು ತಮ್ಮ ಆಡುಗಳಿಗೆ ಹಾಕುತ್ತಾರೆ. ಪ್ಲೇಟು ಹಾಕಿಕೊಂಡ ಮಕ್ಕಳು ಊಟಕ್ಕೆ ಕೂತಾಗ ಅದನ್ನು ಬಾಯಿಂದ ತೆಗೆದು ಕೈಗೆ ಹತ್ತಿರವಿರುವ ರೊಟ್ಟಿಯ ಮೇಲಿಡುತ್ತಾರೆ. ಮಾತಿನ ನಡುವೆ ಮರೆಯುತ್ತಾರೆ. ಮನೆಯಾಕೆ ರೊಟ್ಟಿ ಮಡಚಿ ಮುತ್ತಿಟ್ಟು ಚೀಲಕ್ಕೆ ಹಾಕುತ್ತಾಳೆ. ಪ್ಲೇಟು ಆಡಿನ ಬಾಯಿಗೆ ಹೊರಡುತ್ತದೆ.

"ಇವತ್ತೂ ಒಂದು ಸಿಕ್ತು ನೋಡಮ್ಮಾ," ಎಂದು ಫರ್ಹಾತ್ ಜೇಬಿನಿಂದ ಹಸಿರು ಪ್ಲೇಟೊಂದನ್ನು ತೆಗೆಯುತ್ತಾರೆ. ಬಟ್ಟೆಯಲ್ಲಿ ಒರೆಸಿ ತಂದಿದ್ದಾರೆ. "ಸದ್ಯ, ಆಡಿಗಿಂತ ಮೊದಲು ನನ್ನ ಕಣ್ಣಿಗೆ ಬಿತ್ತು."

"ಇದು ಮೀನುಪೇಟೆ ಹುಡುಗನದ್ದು ಫರ್ಹಾತಣ್ಣ. ಅವನ ಪ್ಲೇಟು ನಿಮ್ಮ ಗಾಡೀಲಿ ಊರು ಸುತ್ತೋದು ಇದು ಎಷ್ಟನೇ ಸಲವೋ!"

"ನನ್ನ ಆಡುಗಳಿಗೂ ಒಂದೊಂದು ಮಾಡಿಕೊಟ್ಟುಬಿಡು. ಅವಕ್ಕೂ ಆಸೆ ಇರತ್ತೆ."

ದುಡ್ಡು ಕೊಡಲು ಹೋದರೆ ಫರ್ಹಾತ್ ಕತ್ತೆಯ ಕಿವಿಯಲ್ಲಿ ಏನೋ ಹೇಳಿ ಹೊರಟುಬಿಡುತ್ತಾರೆ. ಅದಕ್ಕೇ ದಲೆಂದಾ ಪ್ಲೇಟುಗಳಿಗೆ ಎದ್ದು ಕಾಣುವ ಬಣ್ಣ ಹಾಕುವುದು: ಹಸಿರು, ನೀಲಿ, ಕಡುಕೆಂಪು. ರೊಟ್ಟಿಯ ಬಣ್ಣದಲ್ಲಿ ಕಳೆದುಹೋಗಬಾರದು. ಜೊತೆಗೆ ದಾರ ಕಟ್ಟಿದ ಒಂದು ಪುಟ್ಟ ಡಬ್ಬಿ. ಡಾಕ್ಟರಿಗೆ ತಲುಪಿಸುವ ಪ್ರತಿ ಪ್ಲೇಟಿನ ಜೊತೆಗೂ ಒಂದೇ ಮಾತು ಹೇಳಿ ಕಳಿಸುತ್ತಾರೆ: "ಬಾಯಲ್ಲಿರಬೇಕು, ಇಲ್ಲಾ ಡಬ್ಬೀಲಿರಬೇಕು. ಹಲ್ಲುಜ್ಜುವಾಗ ಅದನ್ನೂ ಮೆತ್ತಗೆ ಉಜ್ಜಿ, ತಣ್ಣೀರಲ್ಲಿ. ಬಿಸಿನೀರು ಹಾಕಿದ್ರೆ ಮುನಿಸ್ಕೊಂಡು ಸೊಟ್ಟಗಾಗತ್ತೆ."

ಕಳೆದ ವಸಂತದಲ್ಲಿ ಈ ಬಣ್ಣಗಳನ್ನೆಲ್ಲ ಬೇಡವೆಂದವಳು ಒಬ್ಬಳು ಬಂದಳು. ಹೆಸರು ಉಮೈಮಾ. ಬೇಕರಿಯೊಂದರಲ್ಲಿ ಕೆಲಸ ಮಾಡುತ್ತಾಳೆ, ಶರತ್ಕಾಲಕ್ಕೆ ಮದುವೆ. ಮುಂದಿನ ಒಂದು ಹಲ್ಲು ಹುಟ್ಟಿನಿಂದಲೂ ಪಕ್ಕಕ್ಕೆ ತಿರುಗಿ ನಿಂತಿತ್ತು. ಡಾಕ್ಟರ್ ಸಿಹೆಮ್ ಎರಡು ವರ್ಷ ಕ್ಲಿಪ್ಪು ಹಾಕಿ ಅದನ್ನು ಸಾಲಿಗೆ ತಂದಿದ್ದರು. "ಚಿಕ್ಕಮ್ಮ, ನನಗೆ ನೀರಿನ ಬಣ್ಣದ್ದು ಮಾಡಿಕೊಡಿ. ಯಾರಿಗೂ ಕಾಣಬಾರದು," ಎಂದಳು. ದಲೆಂದಾಗೆ ಇಷ್ಟವಿರಲಿಲ್ಲ. ಆದರೂ ಮಾಡಿಕೊಟ್ಟರು. ಮದುವೆಯಾಗುವ ಹುಡುಗಿಯ ನಾಚಿಕೆ ಅವರಿಗೆ ಗೊತ್ತು.

ಬೇಸಿಗೆಯ ಕೊನೆಗೆ ಒಂದು ಬೆಳಿಗ್ಗೆ ಅದೇ ಉಮೈಮಾ ಮತ್ತೆ ಬಾಗಿಲಲ್ಲಿ ನಿಂತಿದ್ದಾಳೆ. ಈ ಸಲ ಜೊತೆಯಲ್ಲಿ ಅವಳ ಅತ್ತೆಯಾಗುವ ನಜೀಹಾ ಇದ್ದಾರೆ. ನಜೀಹಾ ಅವರ ದನಿ ಬಾಗಿಲಿಗಿಂತ ಮೊದಲೇ ಒಳಗೆ ಬರುತ್ತದೆ.

"ಎರಡು ವರ್ಷ ಬಾಯಲ್ಲಿ ಕಬ್ಬಿಣದ ಅಂಗಡಿ ಇಟ್ಕೊಂಡಿದ್ಲು ಈ ಹುಡುಗಿ. ಬಿಚ್ಚಿ ಇನ್ನೂ ಬಿಸಿ ಆರಿಲ್ಲ, ನೋಡಿ, ಆ ಹಲ್ಲು ಪಕ್ಕದ ಮನೆ ಜಗಳ ನೋಡೋ ಹಾಗೆ ಮತ್ತೆ ತಿರುಗ್ತಾ ಇದೆ! ಇದೇನಾ ನಿಮ್ಮ ಕೆಲಸ?"

ದಲೆಂದಾ ಹುಡುಗಿಯ ಗಲ್ಲ ಹಿಡಿದು, ಬೆಳಕಿಗೆ ತಿರುಗಿಸಿ ನೋಡುತ್ತಾರೆ. ಹಲ್ಲು ನಿಜವಾಗಿಯೂ ಸ್ವಲ್ಪ ತಿರುಗಿದೆ. "ಪ್ಲೇಟು ಹಾಕ್ಕೊಳ್ತಿದ್ದೀಯಾ?" ಎಂದು ಕೇಳುತ್ತಾರೆ. ಉಮೈಮಾ ನೆಲ ನೋಡುತ್ತಾಳೆ.

"ಪ್ಲೇಟೂ ಬೇಡ, ಗೀಟೂ ಬೇಡ," ಎನ್ನುತ್ತಾರೆ ನಜೀಹಾ. "ಶನಿವಾರ ಕರ್ಕೊಂಡು ಹೋಗ್ತಿದ್ದೀನಿ. ಸಮುದ್ರದ ಕಡೆ ರಸ್ತೇಲಿ ಹೊಸದಾಗಿ ಬಂದಿದೆಯಲ್ಲ, ಅಲ್ಲಿ. ಮುಂದಿನ ಹಲ್ಲೆಲ್ಲ ಸ್ವಲ್ಪ ಉಜ್ಜಿ, ಮೇಲೊಂದು ಬಿಳಿ ಟೋಪಿ ಕೂರಿಸ್ತಾರಂತೆ. ಒಂದೇ ವಾರ. ಫೋಟೋದಲ್ಲಿ ಪಿಂಗಾಣಿ ಬಟ್ಟಲ ಹಾಗೆ ಹೊಳೀತವೆ."

ದಲೆಂದಾ ಅಂಥ ಜಾಗಗಳಿಗೆ ಇಟ್ಟಿರುವ ಹೆಸರು ನಗೆಯಂಗಡಿ. ಮುರಿದ ಹಲ್ಲಿಗೆ, ಸವೆದ ಹಲ್ಲಿಗೆ ಟೋಪಿ ಹಾಕುವುದನ್ನು ಅವರು ತಪ್ಪೆನ್ನುವುದಿಲ್ಲ. ಅಂಥ ಟೋಪಿಗಳನ್ನು ತಾವೇ ಮಾಡಿದ್ದಾರೆ. ಆದರೆ ನಗೆಯಂಗಡಿಯಿಂದ ಕೆಲಸಕ್ಕೆ ಕರೆ ಬಂದಾಗ ಹೋಗಲಿಲ್ಲ. ತಣ್ಣಗಿನ ಕೋಣೆ, ಹೊಸ ಕುರ್ಚಿ, ಕೈತುಂಬ ಸಂಬಳ, ಎಲ್ಲ ಇತ್ತು. "ಕರೆಯೋವಾಗಲೇ ಮಾದರಿಗೆ ಅಂತ ಹನ್ನೆರಡು ಹಲ್ಲಿನ ಅಚ್ಚು ಕಳಿಸಿದ್ರು. ಹನ್ನೆರಡೂ ಚೆನ್ನಾಗಿದ್ದ ಹಲ್ಲು, ಪೆನ್ಸಿಲ್ ಚೂಪು ಮಾಡಿದ ಹಾಗೆ ಉಜ್ಜಿ ಕಡ್ಡಿ ಮಾಡಿದ್ರು. ಅದನ್ನ ಹಾಗೇ ಬಟ್ಟೇಲಿ ಸುತ್ತಿ ವಾಪಸ್ ಕಳಿಸ್ದೆ. ನನ್ನ ಕೈಯಿಂದ ಅದಕ್ಕೆ ಮುಸುಕು ಹಾಕಿಸಬೇಡಿ ಅಂದೆ."

ಈಗ ಅವರು ಇಕ್ಕಳ ಕೆಳಗಿಟ್ಟು, ಹೆಂಗಸರನ್ನು ಗೌರವದಿಂದ ಕರೆಯುವ 'ಲಲ್ಲಾ' ಸೇರಿಸಿ ಹೇಳುತ್ತಾರೆ. "ತಿರುಗಿದ ಹಲ್ಲನ್ನ ಮತ್ತೆ ತಿರುಗಿಸಬಹುದು, ಲಲ್ಲಾ ನಜೀಹಾ. ಉಜ್ಜಿ ಪುಡಿ ಮಾಡಿದ್ದು ಮತ್ತೆ ಬರಲ್ಲ. ಇವಳಿಗೆ ಇಪ್ಪತ್ತೆರಡು ವರ್ಷ. ಮದುವೆ ಫೋಟೋಗೆ ಒಂದು ದಿನ ಸಾಕು, ಹಲ್ಲು ಮೊಮ್ಮಕ್ಕಳ ಮದುವೆ ತನಕ ಬೇಕು."

"ನಿಮ್ಮ ಬಾಯೇ ಬಿದ್ದ ಬೇಲಿ ಥರ ಇದೆ. ನೀವು ಇನ್ನೊಬ್ಬರ ಹಲ್ಲಿಗೆ ಪಾಠ ಹೇಳ್ತೀರಾ?"

ದಲೆಂದಾ ಬಾಯಿ ತುಂಬ ನಗುತ್ತಾರೆ, ಒಂದು ಹಲ್ಲನ್ನೂ ಮುಚ್ಚಿಡದೆ. "ಬೇಲಿ ಸೊಟ್ಟಗಿರಬಹುದು ಲಲ್ಲಾ. ಗೂಟ ಒಂದೂ ಅಲ್ಲಾಡಿಲ್ಲ. ಬಾದಾಮಿ ಇದ್ರೆ ಕೊಡಿ, ಈಗಲೂ ಕಡೀತೀನಿ."

ಆಗ ಉಮೈಮಾ ಬಾಯಿ ಬಿಡುತ್ತಾಳೆ. "ಪ್ಲೇಟು ನಿಮ್ಮನೇಲೇ ಹೋಯ್ತು, ಅತ್ತೆ."

"ನಮ್ಮನೇಲಾ?"

"ಮೊದಲ ಸಲ ಊಟಕ್ಕೆ ಕರೆದಿದ್ರಲ್ಲ, ಅವತ್ತು. ಎಲ್ಲರೆದುರಿಗೆ ಡಬ್ಬಿ ತೆಗೆಯೋಕೆ ನಾಚಿಕೆ ಆಯ್ತು. ಮೆಲ್ಲಗೆ ತೆಗೆದು ರೊಟ್ಟಿ ಚೂರಿನ ಅಡಿ ಇಟ್ಟೆ. ನೀವು ಆ ಚೂರು ಎತ್ತಿ, ಮುತ್ತಿಟ್ಟು, ಹಣೆಗೊತ್ತಿ, ಚೀಲಕ್ಕೆ ಹಾಕಿಬಿಟ್ರಿ."

"ಹೇಳಬಾರದಿತ್ತೇನೇ, ಹುಚ್ಚಿ?"

"ಹೇಗೆ ಹೇಳ್ಲಿ? ಮೊದಲ ಸಲ ಮನೆಗೆ ಬಂದ ಸೊಸೆ, ಅತ್ತೆಯ ರೊಟ್ಟಿಚೀಲಕ್ಕೆ ಕೈ ಹಾಕೋದಾ? ಆಮೇಲೆ ಇನ್ನೊಂದು ಮಾಡಿಸೋಣ ಅಂದ್ರೆ ಅದಕ್ಕೂ ಹೇಳಬೇಕಿತ್ತು. ದಿನ ದಿನಾ ನಾಳೆ ಅಂದ್ಕೊಂಡೆ."

ದಲೆಂದಾ ಎದ್ದು ಒಂದು ಡ್ರಾಯರು ಎಳೆಯುತ್ತಾರೆ. ಫರ್ಹಾತ್ ತಂದು ಕೊಟ್ಟು, ಯಾರದೆಂದು ತಿಳಿಯದೆ ಉಳಿದವುಗಳು ಅಲ್ಲಿವೆ. ಅವುಗಳಿಂದ ನೀರಿನ ಬಣ್ಣದ ಒಂದು ತುಂಡನ್ನು ಎತ್ತಿಕೊಳ್ಳುತ್ತಾರೆ. ಅಂಚೆಲ್ಲ ಜಗಿದು ಹೋಗಿದೆ, ಮುಂದಿನ ತಂತಿ ಮುರಿದ ಛತ್ರಿಯ ಕಡ್ಡಿಯಂತೆ ಎದ್ದಿದೆ. ಹಲಗೆಯಿಂದ ಉಮೈಮಾಳ ಹಳೆಯ ಅಚ್ಚನ್ನು ತೆಗೆದು, ಅಳಿದುಳಿದ ಒಂದು ಕೊಕ್ಕೆಯನ್ನು ದವಡೆಹಲ್ಲಿಗೆ ಆನಿಸುತ್ತಾರೆ. ಅದು ಟಕ್ಕೆಂದು ಕೂರುತ್ತದೆ.

"ಪಾಪ, ಆಡು ಎಷ್ಟು ಕಷ್ಟಪಟ್ಟು ಜಗಿದಿದೆ," ಎನ್ನುತ್ತಾರೆ ದಲೆಂದಾ.

ನಜೀಹಾ ಸ್ಟೂಲಿನ ಮೇಲೆ ಕೂತುಬಿಡುತ್ತಾರೆ. ಮೊದಲು ಗಂಟಲಲ್ಲಿ ಒಂದು ಸದ್ದು, ಆಮೇಲೆ ಭುಜ ಕುಲುಕುವ ನಗು. ನಗುವಾಗ ಅವರ ಕೈ ಸರಕ್ಕನೆ ಬಾಯಿಗೆ ಅಡ್ಡ ಬರುತ್ತದೆ. ದಲೆಂದಾ ಆ ಕೈಯನ್ನು ನೋಡುತ್ತಾರೆ, ಕಣ್ಣು ಬೇರೆ ಕಡೆ ತಿರುಗಿಸುತ್ತಾರೆ. ಕುಡಿಯಲು ಒಂದು ಲೋಟ ನೀರು ತಂದಿಡುತ್ತಾರೆ.

ಆದರೂ ನಜೀಹಾ ಹಟ ಬಿಡುವುದಿಲ್ಲ. "ಆಯ್ತು, ತಪ್ಪು ನನ್ನದೇ ಅನ್ನಿ. ಮದುವೆಗೆ ಹಲ್ಲು ನೆಟ್ಟಗಾಗತ್ತಾ?"

"ಸುಳ್ಳು ಹೇಳಲ್ಲ. ಅಷ್ಟರಲ್ಲಿ ಪೂರ್ತಿ ಆಗಲ್ಲ. ಡಾಕ್ಟರ್ ಸಿಹೆಮ್ ನೋಡಿ ಒಪ್ಪಿದ್ರೆ ಹೊಸ ಪ್ಲೇಟು ಮಾಡ್ತೀನಿ. ಹಗಲೂ ರಾತ್ರಿ ಬಾಯಲ್ಲಿರಬೇಕು. ಮದುವೆ ದಿನವೂ. ತಂತಿ ಕಾಣತ್ತೆ."

"ಸೊಸೆ ಬಾಯಲ್ಲಿ ತಂತಿ ಇಟ್ಕೊಂಡು ಹಸೆಮೇಲೆ ಕೂರೋದಾ? ನಮ್ಮ ಕಡೆಯವರು ಏನಂತಾರೆ? ಇಲ್ಲ, ಶನಿವಾರ ಅಂದ್ರೆ ಶನಿವಾರ."

"ಹಲ್ಲು ಯಾರದೋ ಅವರು ಹೇಳಲಿ," ಎನ್ನುತ್ತಾರೆ ದಲೆಂದಾ.

ಉಮೈಮಾಳ ಕೆನ್ನೆ ಕೆಂಪಾಗಿದೆ. "ನಾನು ಶನಿವಾರ ಬರಲ್ಲ, ಅತ್ತೆ. ಒಂದು ಸಲ ನಾಚಿಕೊಂಡು ಪ್ಲೇಟು ಕಳ್ಕೊಂಡೆ. ಇನ್ನೊಂದು ಸಲ ನಾಚಿಕೊಂಡು ಹಲ್ಲು ಕಳ್ಕೊಳ್ಳಲ್ಲ. ಮದುವೇಲಿ ಮೀನು ದಾಟೋ ಶಾಸ್ತ್ರ ಇದೆಯಲ್ಲ, ಅದನ್ನೂ ತಂತಿ ಹಾಕ್ಕೊಂಡೇ ದಾಟ್ತೀನಿ." ಆಮೇಲೆ ದಲೆಂದಾ ಕಡೆ ತಿರುಗಿ, "ಚಿಕ್ಕಮ್ಮ, ಈ ಸಲ ಹರೀಸಾ ಚಟ್ನಿ ಬಣ್ಣದ್ದು ಮಾಡಿ. ಮೆಣಸಿನಕಾಯಿ ಕೆಂಪು," ಎನ್ನುತ್ತಾಳೆ.

ನಜೀಹಾ ಎದ್ದು ಹೋದರು. ನೀರಿನ ಲೋಟ ಹಾಗೇ ಇತ್ತು.

ಮಾರನೆಯ ದಿನ ಡಾಕ್ಟರ್ ಸಿಹೆಮ್ ಹೊಸ ಅಳತೆ ತೆಗೆದು ಕಳಿಸಿದರು. "ತಿರುಗಿದ್ದು ಸ್ವಲ್ಪವೇ, ವಾಪಸ್ ತರಬಹುದು," ಎಂದು ಹೇಳಿಯೂ ಕಳಿಸಿದ್ದರು. ಆ ಕೆಲಸದ ಕ್ರಮವೇ ಒಂದು ಸೊಗಸು. ದಲೆಂದಾ ಹೊಸ ಅಚ್ಚಿನ ಮೇಲೆ, ತಿರುಗಿದ ಆ ಒಂದು ಹಲ್ಲನ್ನು ಎಳೆಯಷ್ಟು ಸಣ್ಣ ಗರಗಸದಿಂದ ಕೊಯ್ದು ಬಿಡಿಸುತ್ತಾರೆ. ಅದನ್ನು ಮೇಣದಲ್ಲಿ ಅದು ನಿಲ್ಲಬೇಕಾದ ಹಾಗೆ ನೆಟ್ಟಗೆ ನಿಲ್ಲಿಸುತ್ತಾರೆ. ಆ ನೆಟ್ಟಗಿನ ಸಾಲಿನ ಮೇಲೆ ಪ್ಲೇಟು ಕಟ್ಟುತ್ತಾರೆ. ಬಾಯಿಯೊಳಗಿನ ಹಲ್ಲು ದಿನ ದಿನ ಅದರ ಒತ್ತಿಗೆ ಮಣಿದು ತನ್ನ ಜಾಗಕ್ಕೆ ಬರುತ್ತದೆ. "ಕೊಯ್ಯೋದು, ಉಜ್ಜೋದು ಎಲ್ಲ ಪ್ಲಾಸ್ಟರಿನ ಮೇಲೆ ಆಗಲಿ," ಎನ್ನುತ್ತಾ ಬಿಳಿಯ ಪುಡಿಯನ್ನು ಊದುತ್ತಾರೆ. "ಇದಕ್ಕೆ ನೋವಿಲ್ಲ. ಇದು ಕೆಟ್ಟರೆ ಇನ್ನೊಂದು ಎರಕ ಹೊಯ್ತೀನಿ. ಹುಡುಗಿ ಹಲ್ಲು ಕೆಟ್ಟರೆ ಎಲ್ಲಿಂದ ತರ್ಲಿ?"

ಕೆಂಪು ಪ್ಲೇಟು ಕುಕ್ಕರಿನಿಂದ ಹೊರಬಂತು. ಆದರೆ ಆ ಶನಿವಾರ ದಲೆಂದಾ ಎರಡು ತಂತಿಗಳನ್ನು ತಪ್ಪಾಗಿ ಬಗ್ಗಿಸಿ ಬಿಸಾಕಿದರು. ಅತ್ತೆಯ ಮಾತು ಗೆದ್ದಿತೋ, ಹುಡುಗಿಯ ಮಾತೋ ತಿಳಿಯಲಿಲ್ಲ. ಸಂಜೆಯಾದರೂ ಯಾರೂ ಬರಲಿಲ್ಲ. ಬಾಗಿಲು ಹಾಕುವ ಹೊತ್ತಿಗೆ ಉಮೈಮಾ ಬೇಕರಿಯ ಹಿಟ್ಟು ಮೆತ್ತಿದ ತೋಳಿನಲ್ಲೇ ಓಡಿ ಬಂದಳು. ಪ್ಲೇಟನ್ನು ಬಾಯಲ್ಲಿಟ್ಟುಕೊಂಡು, ತೊದಲುತ್ತಾ, "ಚಿಕ್ಕಮ್ಮ, ನೋವಾಗ್ತಿದೆ," ಎಂದಳು. "ಸರಿ ಹಾಗಾದ್ರೆ, ಕೆಲಸ ಶುರು ಮಾಡಿದೆ," ಎಂದರು ದಲೆಂದಾ.

ಮದುವೆಗೆ ಅವರನ್ನು ಯಾರೂ ಕರೆಯಲಿಲ್ಲ. ಕರೆಯುವ ರೂಢಿಯಿಲ್ಲ. ಡಾಕ್ಟರ್ ಸಿಹೆಮ್ ಅವರಿಗೆ ಕರೆಯೋಲೆ ಹೋಗಿತ್ತಂತೆ. ಮೀನಿನ ದಿನ, ಮದುಮಕ್ಕಳು ರಿಬ್ಬನ್ನು ಕಟ್ಟಿದ ದೊಡ್ಡ ಮೀನನ್ನು ದಾಟುವ ದಿನ, ದಲೆಂದಾ ಎಂದಿನಂತೆ ತಂತಿ ಬಗ್ಗಿಸುತ್ತಿದ್ದರು. ಸುದ್ದಿ ಬಂದದ್ದು ಮರುದಿನ ನಸುಕಿನಲ್ಲಿ, ಫರ್ಹಾತರ ಗಾಡಿಯಲ್ಲಿ.

"ಮದುವೆ ಮನೆ ರೊಟ್ಟಿ ತರೋಕೆ ನಿನ್ನೇನೇ ಹೋಗಿದ್ದೆ ಕಣಮ್ಮಾ. ಹುಡುಗಿ ನಗ್ತಾ ನಗ್ತಾ ಮೀನು ಹಾರಿದ್ಲು. ಬಾಯಲ್ಲಿ ತಂತಿ ಮಿಂಚು ಹೊಡೀತಿತ್ತು. ಫೋಟೋದವನು, 'ಬಾಯಿ ಮುಚ್ಚಿ ನಗಮ್ಮಾ' ಅಂದ. 'ಯಾಕೆ, ನಿನ್ನ ಕ್ಯಾಮೆರಾಗೆ ಹಲ್ಲು ಕಂಡ್ರೆ ಭಯಾನಾ?' ಅಂದ್ಲು! ಹೆಂಗಸರೆಲ್ಲ ಖುಷಿಗೆ ನಾಲಿಗೆ ಹೊರಳಿಸಿ ಉಲುಲು ಕೂಗಿಬಿಟ್ರು."

"ಅತ್ತೆ?"

"ಅವಳು ಕೂಗೋರ ಜೊತೆ ಕೂಗಲಿಲ್ಲ. ಆದ್ರೆ ಒಂದು ನೋಡ್ದೆ. ರೊಟ್ಟಿಚೀಲ ನನ್ನ ಕೈಗೆ ಕೊಡೋ ಮುಂಚೆ ಒಂದೊಂದು ಚೂರೂ ತಿರುಗಿಸಿ ನೋಡಿದ್ಲು, ಎಲ್ಲಾನೂ. ಆಮೇಲೇ ಗಂಟು ಕಟ್ಟಿದ್ದು."

ಫರ್ಹಾತ್ ಹೋದ ಮೇಲೆ ದಲೆಂದಾ ಮತ್ತೆ ಇಕ್ಕಳ ಎತ್ತಿಕೊಂಡರು. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ, ಅದರ ತುದಿಯನ್ನು ಬಟ್ಟೆಯಲ್ಲಿ ಒರೆಸುತ್ತಾ, "ನನ್ನ ಹೆಸರು ಯಾರಿಗೂ ಗೊತ್ತಾಗಬೇಕಿಲ್ಲ. ಮದುವೆ ಊಟದ ಮೇಜಿನ ಮೇಲೆ ಯಾರೋ ಒಬ್ಬಳು ತಲೆ ಎತ್ತಿ ಡಬ್ಬಿ ತೆಗೆದು ಇಡೋ ಹಾಗಾಗಲಿ. ಅದು ಉಪ್ಪಿನ ಬಟ್ಟಲಷ್ಟು ಸಾಮಾನ್ಯ ಆಗಿಬಿಡಲಿ," ಎಂದರು.

ಕಮ್ಮಾರರ ಸುತ್ತಿಗೆಗಳು ಜೋರಾಗಿರುವ ಹೊತ್ತು. ಬಾಗಿಲ ಬೆಳಕಿಗೆ ಯಾರೋ ಅಡ್ಡ ನಿಂತರು. ನಜೀಹಾ. ಕೈಯಲ್ಲಿ ಬಟ್ಟೆ ಮುಚ್ಚಿದ ಅಗಲವಾದ ಬಟ್ಟಲು. ಮೀನಿನ ದಿನದ ಮೀನು, ಕುಸ್ಕುಸ್ ಎಂಬ ರವೆಯನ್ನದ ಮೇಲೆ, ಮತ್ತೆ ಬಿಸಿ ಮಾಡಿದ್ದು. ಪಕ್ಕದಲ್ಲಿ ಮಡಚಿದ ರೊಟ್ಟಿ. ಅವರು ಕೂರಲಿಲ್ಲ, ಹೆಚ್ಚು ಮಾತೂ ಆಡಲಿಲ್ಲ. "ಮುಳ್ಳು ತೆಗೆದಿದ್ದೀನಿ," ಎಂದಷ್ಟೇ ಹೇಳಿ ಬಟ್ಟಲನ್ನು ಮುಂದೆ ಚಾಚಿದರು.

"ನನ್ನ ಹಲ್ಲು ಮುಳ್ಳಿಗೆ ಹೆದರಲ್ಲ ಲಲ್ಲಾ," ಎಂದರು ದಲೆಂದಾ.

ನಜೀಹಾಗೆ ನಗು ಬಂತು. ಎರಡೂ ಕೈಗಳು ಬಟ್ಟಲನ್ನು ಹಿಡಿದಿದ್ದವು. ಅವರು ಹಾಗೆಯೇ, ಬಾಯಿ ತುಂಬ ನಕ್ಕರು. ಆ ನಗು ಮುಗಿಯುವವರೆಗೆ ಬಟ್ಟಲನ್ನು ತಮ್ಮ ಕೈಗೆ ತೆಗೆದುಕೊಳ್ಳಲು ದಲೆಂದಾ ಅವಸರ ಮಾಡಲಿಲ್ಲ.